ಎರಡು ಮೀಟರ್ ಹದಿನೈದು

ರಸ್ತೆಗೆ ಬಣ್ಣ ಬಳಿಯುವುದು ನನ್ನ ಕೆಲಸ. ನಗರಸಭೆಯಲ್ಲಿ ಹನ್ನೊಂದು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ದಾಟುವವರಿಗೆ ಬಿಳಿ ಪಟ್ಟಿ, ನಿಲ್ಲುವವರಿಗೆ ಅಡ್ಡಗೆರೆ, ಶಾಲೆಯ ಮುಂದೆ ‘ನಿಧಾನ’ ಎಂಬ ದೊಡ್ಡ ಅಕ್ಷರಗಳು. ದಾರ ಹಿಡಿದು, ಚಾಕ್‌ಪೀಸಿನಲ್ಲಿ ಗುರುತು ಹಾಕಿ, ಎರಡು ಸಲ ಅಳೆದ ಮೇಲೂ ಮನಸ್ಸು ತಡೆಯದೆ ಇನ್ನೊಂದು ಸಲ ಟೇಪು ಎಳೆಯುತ್ತೇನೆ. ಅದಕ್ಕೇ ನಮ್ಮ ಮೇಸ್ತ್ರಿ ನನಗೆ ‘ಮೂರ್ಸಲ’ ಎಂದು ಹೆಸರಿಟ್ಟಿದ್ದಾರೆ. ಇಂಥ ನಾನು ಒಂದು ದಿನ ಅಳೆಯದೆ ಒಂದು ಮಾತು ಆಡಿದೆ.

ಮೊದಲು ನನ್ನ ಷಡ್ಡಕನ ವಿಷಯ ಹೇಳಬೇಕು. ನನ್ನ ಹೆಂಡತಿಯ ತಂಗಿಯ ಗಂಡ ಅವನು. ಬೈಕ್ ರಿಪೇರಿಯ ಶೆಡ್ ಇಟ್ಟಿದ್ದಾನೆ. ಅತ್ತೆಯ ಮನೆಗೆ ನಾನು ಅಳಿಯನಾಗಿ ಬಂದು ಹತ್ತು ವರ್ಷ, ಅವನು ಬಂದು ನಾಲ್ಕು. ಅತ್ತೆಗೆ ನಾನು ಇಂದಿಗೂ ‘ನೀವು’, ‘ಅಳಿಯಂದ್ರು’. ಅವನು ಆರು ತಿಂಗಳಿಗೇ ‘ನೀನು’ ಆದ. ‘ಬಾರಪ್ಪ’, ‘ಇನ್ನೊಂಚೂರು ತಿನ್ನೋ’ ಎಲ್ಲ ಅವನಿಗೆ. ನನಗೆ ಸಿಗುತ್ತಿದ್ದುದು ಮರ್ಯಾದೆ. ಅದು ಹೊರಬಾಗಿಲಲ್ಲಿ ಕೊಡುವ ಕುರ್ಚಿಯ ಹಾಗೆ. ಒಳಗೆ ಹೋಗಿ ನೆಲದ ಮೇಲೆ ಕೂರುವವರಿಗೆ ಅದು ಬೇಕಾಗುವುದಿಲ್ಲ.

ಒಮ್ಮೆ ಅತ್ತೆಯ ಮನೆಯ ಗೇಟಿಗೆ ಎರಡು ದಿನ ರಜೆ ಹಾಕಿ ಬಣ್ಣ ಹೊಡೆದೆ. “ಚೆನ್ನಾಗಿದೆ” ಎಂದರು. ಮರುವಾರ ಅವನು ಬಂದು ಅದೇ ಗೇಟಿನ ಕೀಲುಗಳಿಗೆ ಎರಡು ಹನಿ ಎಣ್ಣೆ ಬಿಟ್ಟ. ಒಂದು ತಿಂಗಳು ಬಂದವರಿಗೆಲ್ಲ ಅತ್ತೆಯದು ಅದೇ ಮಾತು: “ನೋಡಿ, ಈಗ ಕಿರ್ ಅನ್ನಲ್ಲ!”

ಹೋದ ವರ್ಷ ಅವನು ಗುಜರಿ ಸಾಮಾನು ಸೇರಿಸಿ ನಾಲ್ಕು ಚಕ್ರದ ಒಂದು ಬೈಕ್ ಕಟ್ಟಿದ. ಮಣ್ಣುದಿಬ್ಬ ಹತ್ತುವ ಗಾಡಿ. ಟೈರಿಗೆ ಹಲ್ಲಿನಂಥ ಉಬ್ಬುಗಳು. ಅದಕ್ಕೆ ನಂಬರ್ ಪ್ಲೇಟ್ ಇಲ್ಲ, ಕಾಗದಪತ್ರ ಇಲ್ಲ, ರಸ್ತೆಗೆ ತರುವ ಹಾಗಿಲ್ಲ. ಊರಾಚೆಯ ಮಣ್ಣಿನ ಮೈದಾನಕ್ಕೆ ಲಾರಿಯಲ್ಲಿ ಹಾಕಿಕೊಂಡು ಹೋಗಿ ಓಡಿಸಬೇಕು. ಇವನು ಶೆಡ್ಡಿನಿಂದ ನೇರವಾಗಿ ಬೀದಿಯಲ್ಲೇ ಓಡಿಸಿಕೊಂಡು ಹೋಗುತ್ತಿದ್ದ. ಜನ ನಿಂತು ನೋಡುತ್ತಿದ್ದರು. ಅತ್ತೆಯ ಮನೆಯ ಅಂಗಳದಲ್ಲಿ ಅದು ಬಂದು ನಿಂತರೆ ನನ್ನ ಏಳು ವರ್ಷದ ಮಗಳು ನನ್ನ ಕೈ ಬಿಡಿಸಿಕೊಂಡು ಓಡುತ್ತಿದ್ದಳು.

“ಅಪ್ಪಾ, ನಿನ್ ಗಾಡಿ ಯಾಕೆ ಚಿಕ್ಕಪ್ಪನ ಗಾಡಿ ಥರ ಕೂಗಲ್ಲ?”

“ನಂದು ಸೈಕಲ್ಲು, ಪುಟ್ಟಿ.”

“ಅದಕ್ಕೇ,” ಎಂದಳು, ನನ್ನ ಮೇಲೆ ಕನಿಕರ ಬಂದವಳ ಹಾಗೆ.

“ಅಂಗಳದೊಳಗೆ ಸರಿ. ರಸ್ತೆ ಮೇಲೆ ಅವಳನ್ನ ಕೂರಿಸ್ಕೋಬೇಡ,” ಎಂದು ಅವನಿಗೆ ಹೇಳಿದ್ದೆ. “ಆಯ್ತಣ್ಣ” ಎಂದಿದ್ದ. ಹೆಂಡತಿ ಮಾತ್ರ, “ನಿಮಗೆ ಎಲ್ಲಿ ನೋಡಿದ್ರೂ ಗೆರೆನೇ ಕಾಣುತ್ತೆ,” ಎಂದಳು. ನನ್ನದು ಮಗುವಿನ ಬಗ್ಗೆ ಹೆದರಿಕೆಯೋ, ಹೊಟ್ಟೆಯುರಿಯೋ? ಎರಡೂ ಇತ್ತು. ಯಾವುದರ ಪಾಲು ಎಷ್ಟು ಎಂದು ಇಂದಿಗೂ ಬಿಡಿಸಿ ಹೇಳಲಾರೆ.

ಅವತ್ತು ಮಂಗಳವಾರ, ಬೆಳಿಗ್ಗೆ ಹನ್ನೊಂದು. ಶಾಲೆಯ ಮುಂದಿನ ದಾಟುಪಟ್ಟಿಗೆ ಹೊಸ ಬಣ್ಣ ಬಳಿಯುತ್ತಿದ್ದೆ. ಏಳರಲ್ಲಿ ಆರು ಪಟ್ಟಿ ಒಣಗಿದ್ದವು. ಫುಟ್‌ಪಾತಿನ ಪಕ್ಕದ ಕೊನೆಯ ಪಟ್ಟಿ ಮಾತ್ರ ಹಸಿ. ಮಕ್ಕಳನ್ನು ರಸ್ತೆ ದಾಟಿಸುವ ಹೆಂಗಸು ತನ್ನ ದುಂಡು ಬೋರ್ಡ್ ಹಿಡಿದು ಅದರ ಕಾವಲಿಗೆ ನಿಂತಿದ್ದರು. ಬೋರ್ಡಿನ ಮೇಲೆ ‘ಸ್ಟಾಪ್’ ಎಂದು ಬರೆದಿದ್ದರಿಂದ ಮಕ್ಕಳೆಲ್ಲ ಅವರನ್ನು ‘ಸ್ಟಾಪಕ್ಕ’ ಎನ್ನುತ್ತಾರೆ.

“ಡಬ್ಬ ಮುಚ್ಚಿ ಚಾ ಕುಡ್ಕೊಂಡು ಬಾರೋ ಮೂರ್ಸಲ,” ಎಂದರು. “ಇದರ ಮೇಲೆ ಕಾಗೆ ಕೂತ್ರೂ ಬಿಡಲ್ಲ ನಾನು.”

ನಾನು ತಳ್ಳುಗಾಡಿಯ ಹಿಂದೆ ಕುಕ್ಕರುಗಾಲಲ್ಲಿ ಕೂತು ಡಬ್ಬದ ಮುಚ್ಚಳ ಒತ್ತುತ್ತಿದ್ದೆ. ಒಮ್ಮೆಲೇ ಕಿವಿ ಹರಿಯುವಂಥ ಶಬ್ದ. ಆಮೇಲೆ ಒಂದು ಕೂಗು. ಎದ್ದು ನೋಡುವಷ್ಟರಲ್ಲಿ ಯಾವುದೋ ಗಾಡಿ ಸಾಲಾಗಿ ನಿಂತ ಕಾರುಗಳ ಆಚೆಗೆ ಹೋಗಿಯಾಗಿತ್ತು. ಕಾರುಗಳ ನೆತ್ತಿಯ ಮೇಲೆ ಒಂದು ಕೆಂಪು ಹೆಲ್ಮೆಟ್ ಮಾತ್ರ ತೇಲಿಕೊಂಡು ಹೋಗಿ ತಿರುವಿನಲ್ಲಿ ಮರೆಯಾಯಿತು.

ಸ್ಟಾಪಕ್ಕ ನೆಲದ ಮೇಲಿದ್ದರು. ಅವರ ಬಲಗೈ ಮಣಿಕಟ್ಟು ಬಾಗಬಾರದ ಕಡೆಗೆ ಬಾಗಿತ್ತು. ಹಸಿ ಪಟ್ಟಿಯ ಉದ್ದಕ್ಕೂ ಟೈರಿನ ಗುರುತು. ಅಲ್ಲಿಂದ ಮುಂದೆ ಕಪ್ಪು ಡಾಂಬರಿನ ಮೇಲೆ ಬಿಳಿ ಹಲ್ಲುಗಳು ಹತ್ತು ಮಾರು ದೂರ ಹೋಗಿ ಮಾಸಿದ್ದವು. ಅದರಲ್ಲಿ ಒಂದು ಹಲ್ಲು ಮುರಿದಿತ್ತು. ಚಕ್ರ ಸುತ್ತಿದ ಹಾಗೆ ಮತ್ತೆ ಮತ್ತೆ ಅದೇ ಖಾಲಿ ಜಾಗ ಮೂಡಿತ್ತು.

ಬಂದ ಇನ್ಸ್‌ಪೆಕ್ಟರ್ ಹೆಂಗಸು. ಮಾತು ಕಡಿಮೆ. ಕಂಬದ ಮೇಲಿನ ಕ್ಯಾಮೆರಾ ಹೋದ ಸಲದ ಬಿರುಗಾಳಿಗೆ ತಿರುಗಿ ಆಕಾಶ ನೋಡುತ್ತ ನಿಂತಿತ್ತು. ಸ್ಟಾಪಕ್ಕನಿಗೆ ಬೆನ್ನ ಹಿಂದಿನಿಂದ ತಗುಲಿತ್ತು. ಉಳಿದ ಸಾಕ್ಷಿ ನಾನೊಬ್ಬನೇ.

“ಏನು ನೋಡಿದ್ರಿ?”

“ಕೆಂಪು ಹೆಲ್ಮೆಟ್, ಮೇಡಂ.”

“ಇಂಥ ಟೈರು ಇಟ್ಕೊಂಡಿರೋರು ಯಾರಾದ್ರೂ ಗೊತ್ತಾ?”

ಇಲ್ಲಿ ನಾನು ನಿಲ್ಲಬೇಕಿತ್ತು. ನಿಲ್ಲಿ ಎಂದು ರಸ್ತೆಗೆಲ್ಲ ಗೆರೆ ಎಳೆಯುವವನು ನಾನು.

“ನನ್ ಷಡ್ಡಕನ ಹತ್ರ ಇದೆ. ಹೆಲ್ಮೆಟ್ಟೂ ಕೆಂಪು. ಈ ದಾರೀಲೇ ಓಡಾಡ್ತಾನೆ.”

“ಅವನೇನಾ?”

“ಅವನೇ ಇರಬೇಕು.”

ಪೇದೆ ಬರೆದ ಕಾಗದವನ್ನು ಮುಂದಿಟ್ಟರು. ಅದರಲ್ಲಿ ‘ಅವನೇ ಎಂದು ಗುರುತಿಸಿದರು’ ಎಂದಿತ್ತು. ಓದಿದೆ. ತಪ್ಪು ಕಣ್ಣಿಗೆ ಬಿತ್ತು. ಸಹಿ ಮಾಡಿದೆ.

ಸಂಜೆಯೊಳಗೆ ಅವನನ್ನು ಹಿಡಿದು, ಗಾಡಿಯನ್ನೂ ಎಳೆದೊಯ್ದರು. ಅಪಘಾತ ಮಾಡಿ ಓಡಿಹೋದ ಆರೋಪ. ಅವನು ಅವತ್ತು ಬೆಳಿಗ್ಗೆ ಎಂಟಕ್ಕೆ ಆ ರಸ್ತೆಯಲ್ಲಿ ಹೋಗಿದ್ದು ನಿಜವೆಂದು ತಾನೇ ಒಪ್ಪಿಕೊಂಡನಂತೆ. ಹನ್ನೊಂದಕ್ಕೆ ಶೆಡ್ಡಿನಲ್ಲಿ ಒಬ್ಬನೇ ಇದ್ದೆ ಎಂದನಂತೆ. ಅದನ್ನು ಯಾರು ನಂಬುತ್ತಾರೆ?

ಅತ್ತೆಯ ಮನೆಯಲ್ಲಿ ಎಲ್ಲರೂ ಸೇರಿದರು. ನನ್ನ ನಾದಿನಿ ಗೋಡೆಗೆ ಒರಗಿ ಅಳುತ್ತಿದ್ದಳು. ಹೆಸರು ಕೊಟ್ಟವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಅತ್ತೆ ನನ್ನ ಪಕ್ಕದಲ್ಲೇ ಬಂದು ಕೂತರು. “ನೀವೇ ಏನಾದ್ರೂ ಮಾಡಿ ಅಳಿಯಂದ್ರೇ. ಸಂಜೆ ಕಾಲೇಜಿಗೆ ಹೋಗಿ ಓದಿದೋರು ನೀವು.” ಆ ಮನೆಯಲ್ಲಿ ನನ್ನ ಓದಿನ ನೆನಪು ಯಾರಿಗಾದರೂ ಬಂದದ್ದು ಅದೇ ಮೊದಲು. ಗಣಿತದಲ್ಲಿ ಎರಡನೇ ಸಲಕ್ಕೆ ಪಾಸಾದವನು ನಾನು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಆ ಕ್ಷಣ ನನಗೆ ಹಿತವಾಯಿತು. ಅವನ ಜಾಗ ಖಾಲಿಯಿತ್ತು, ನಾನು ಅದರ ಹತ್ತಿರ ಕೂತಿದ್ದೆ.

ಗುರುವಾರ ಆಸ್ಪತ್ರೆಗೆ ಹೋದೆ. ಸ್ಟಾಪಕ್ಕನ ಕೈ ಮೊಣಕೈವರೆಗೆ ಪ್ಲಾಸ್ಟರಿನಲ್ಲಿತ್ತು.

“ನಾನಂತೂ ನೋಡ್ಲಿಲ್ಲ ಕಣೋ. ನೀನು ನೋಡಿದ್ಯಲ್ಲ, ಸಾಕು. ಪೊಲೀಸರಿಗೂ ಹೇಳ್ದೆ, ಅವನು ಹೇಳಿದ್ರೆ ಮುಗೀತು, ಮೂರ್ಸಲ ನೋಡ್ದೇ ಬಾಯಿ ಬಿಡೋನಲ್ಲ ಅಂತ.” ಆಮೇಲೆ ದನಿ ತಗ್ಗಿಸಿ, “ಈಗ ಮಕ್ಕಳನ್ನ ಯಾರು ದಾಟಿಸ್ತಿದಾರೆ?” ಎಂದು ಕೇಳಿದರು.

ಯಾರೂ ಇರಲಿಲ್ಲ. ತೆಗೆದುಕೊಂಡು ಹೋದ ಕಿತ್ತಳೆ ಹಣ್ಣುಗಳನ್ನು ಕಿಟಕಿಯ ಮೇಲಿಟ್ಟು ಬಂದುಬಿಟ್ಟೆ.

ಶುಕ್ರವಾರ ಮೇಸ್ತ್ರಿ, “ಆ ಗುರುತೆಲ್ಲ ಕೆರೆದು ಹೊಸದಾಗಿ ಬಳಿದುಬಿಡು. ಪೊಲೀಸರು ಫೋಟೋ ತಗೊಂಡಾಯ್ತು,” ಎಂದರು. ಕೆರೆಯುವ ಉಳಿ ಹಿಡಿದು ಮಂಡಿಯೂರಿದೆ. ಅಭ್ಯಾಸ ಬಿಡಲಿಲ್ಲ, ಕೆರೆಯುವ ಮೊದಲು ಟೇಪು ಎಳೆದೆ. ಮುರಿದ ಹಲ್ಲಿನ ಒಂದು ಖಾಲಿಯಿಂದ ಮುಂದಿನ ಖಾಲಿಗೆ ಎರಡು ಮೀಟರ್ ಹದಿನೈದು ಸೆಂಟಿಮೀಟರ್. ಮತ್ತೆ ಎಳೆದೆ, ಅಷ್ಟೇ. ಮೂರನೇ ಸಲವೂ ಅಷ್ಟೇ.

ಚಕ್ರ ಒಂದು ಸುತ್ತು ಹಾಕಿದರೆ ಅಷ್ಟು ದೂರ. ಅದನ್ನು ಮೂರೂಕಾಲಿಗಿಂತ ತುಸು ಕಡಿಮೆಯಿಂದ ಭಾಗಿಸಿದರೆ ಚಕ್ರದ ಎತ್ತರ ಸಿಗುತ್ತದೆ. ರಸ್ತೆಯ ಮೇಲೇ ಚಾಕ್‌ಪೀಸಿನಲ್ಲಿ ಲೆಕ್ಕ ಮಾಡಿದೆ. ಅರವತ್ತೆಂಟು ಸೆಂಟಿಮೀಟರ್. ಎದ್ದು ನಿಂತು ನನ್ನ ಕಾಲಿಗೆ ಟೇಪು ಹಿಡಿದೆ. ನನ್ನ ಮಂಡಿಗಿಂತ ಒಂದು ಗೇಣು ಮೇಲೆ ಬಂತು.

ಷಡ್ಡಕನ ಗಾಡಿಯ ಚಕ್ರ ನನ್ನ ಮಂಡಿಯಷ್ಟೂ ಇಲ್ಲ. ಅದು ನನಗೆ ಚೆನ್ನಾಗಿ ಗೊತ್ತು. ಮಗಳು ಆ ಟೈರಿನ ಮೇಲೆ ಕಾಲಿಟ್ಟು ಹತ್ತುವುದನ್ನು ಎಷ್ಟು ಭಾನುವಾರ ಹೊಟ್ಟೆ ಉರಿದುಕೊಂಡು ನೋಡಿಲ್ಲ! ಬಿದ್ದಿದ್ದ ಗುರುತು ದೊಡ್ಡ ಗಾಲಿಯ, ಎರಡೇ ಚಕ್ರದ ಬೈಕಿನದು. ಅದರ ಸವಾರ ಇನ್ನೂ ಬೀದಿಯಲ್ಲೇ ಇದ್ದಾನೆ.

ಉಳಿ ಕೈಯಲ್ಲಿತ್ತು. ಅರ್ಧ ಗಂಟೆ ಕೆರೆದರೆ ಲೆಕ್ಕ ಅಳಿದುಹೋಗುತ್ತಿತ್ತು. ಫೋಟೋದಲ್ಲಿ ಅಳತೆಗೆ ಯಾರೂ ಏನೂ ಇಟ್ಟಿರಲಿಲ್ಲ. ಎಷ್ಟು ಹೊತ್ತು ಹಾಗೇ ಕೂತಿದ್ದೆನೋ ಗೊತ್ತಿಲ್ಲ. ಶಾಲೆ ಬಿಟ್ಟಿತು. ಮಕ್ಕಳು ಫುಟ್‌ಪಾತಿನ ಅಂಚಿಗೆ ಬಂದು, ದಾಟಿಸುವವರು ಇಲ್ಲದೆ, ಗಾಡಿಯ ಶಬ್ದಕ್ಕೆ ಕಿವಿಗೊಟ್ಟು ನಿಂತರು. ನಾನು ಉಳಿ ಕೆಳಗಿಟ್ಟು ಅವರನ್ನು ದಾಟಿಸಿದೆ. ಆಮೇಲೆ ಠಾಣೆಗೆ ಹೋದೆ.

ಇನ್ಸ್‌ಪೆಕ್ಟರ್ ಜಾಗಕ್ಕೇ ಬಂದು ತಾವೇ ಟೇಪು ಹಿಡಿದರು. ಠಾಣೆಯ ಅಂಗಳದಲ್ಲಿದ್ದ ಗಾಡಿಯ ನಾಲ್ಕು ಚಕ್ರವನ್ನೂ ಅಳೆದರು. ಎಲ್ಲವೂ ಐವತ್ತರ ಆಸುಪಾಸು, ಹಲ್ಲು ಒಂದೂ ಮುರಿದಿರಲಿಲ್ಲ.

“ಇದನ್ನ ನಾವೇ ಮೊದಲು ನೋಡ್ಬೇಕಿತ್ತು,” ಎಂದರು. “ಆದ್ರೆ ನೀವು ಅವನೇ ಅಂದ್ರಿ.”

“ಮುಖ ನೋಡಿರ್ಲಿಲ್ಲ, ಮೇಡಂ.”

“ಮತ್ತೆ ಯಾಕೆ ಹೇಳಿದ್ರಿ?”

ನಾನು ಟೇಪು ಸುತ್ತತೊಡಗಿದೆ. ಅವರು ಇನ್ನೊಂದು ಹಾಳೆ ತೆಗೆದು, “ಬರೀರಿ. ಮೊದಲನೇದೂ ಫೈಲಲ್ಲೇ ಇರುತ್ತೆ,” ಎಂದರು.

ಅಪಘಾತದ ಆರೋಪದಿಂದ ಅವನನ್ನು ಬಿಟ್ಟರು. ಕಾಗದವಿಲ್ಲದ ಗಾಡಿಯನ್ನು ಬೀದಿಯಲ್ಲಿ ಓಡಿಸಿದ್ದಕ್ಕೆ ದಂಡ ಹಾಕಿ ಗಾಡಿಯನ್ನು ಅಲ್ಲೇ ಉಳಿಸಿಕೊಂಡರು. ಅವನು ಬಿಡುಗಡೆಯಾಗಿ ಬರುವ ಮುಂಚೆ ಅದೇ ಗುರುತಿನ ಫೋಟೋ ನೋಡಿ, ಮುರಿದ ಹಲ್ಲಿನ ಟೈರು ತನ್ನ ಶೆಡ್ಡಿನ ಯಾವ ಗಿರಾಕಿಯದೆಂದು ಹೇಳಿದನಂತೆ. ಆ ಬೈಕು ಸಿಕ್ಕಿತು, ಸವಾರನೂ ಸಿಕ್ಕಿದ. ಮರುದಿನದಿಂದ ಆ ಸವಾರನ ಗೆಳೆಯರ ಗುಂಪು ಇವನ ಶೆಡ್ಡಿನ ಕಡೆ ತಲೆ ಹಾಕಲಿಲ್ಲ.

ಭಾನುವಾರ ಅತ್ತೆಯ ಮನೆಯಲ್ಲಿ ಊಟ. ಅವನು ಎಲ್ಲರೆದುರು ನನ್ನ ಭುಜ ಹಿಡಿದು ಅಲ್ಲಾಡಿಸಿದ.

“ಅಣ್ಣನ ಟೇಪು ಇಲ್ದಿದ್ರೆ ನಾನು ಒಳಗೇ ಇರ್ತಿದ್ದೆ! ನಾವೆಲ್ಲ ಗಾಡಿ ಓಡಿಸೋರು, ಅಣ್ಣ ತಲೆ ಓಡಿಸೋರು.”

ಅತ್ತೆ ಕೋಳಿಯ ದೊಡ್ಡ ತುಂಡನ್ನು ನನ್ನ ತಟ್ಟೆಗೆ ಹಾಕಿದರು. “ತಿನ್ನಪ್ಪ, ನೀನು ತಿನ್ನು,” ಎಂದರು.

ನೀನು! ಹತ್ತು ವರ್ಷ ಕಾದಿದ್ದ ಮಾತು. ಮಗಳು ನನ್ನ ತೊಡೆಗೆ ಒರಗಿ, “ನಮ್ಮಪ್ಪ ಚಿಕ್ಕಪ್ಪನ್ನ ಬಿಡಿಸ್ಕೊಂಡು ಬಂದ್ರು,” ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಟ್ಟೆ. ಕೈ ತೊಳೆಯುವ ನೆವ ಮಾಡಿ ಹಿತ್ತಲಿಗೆ ಹೋದೆ. ಅವನೂ ಹಿಂದೆಯೇ ಬಂದು ನನ್ನ ಕೈಗೆ ಚೊಂಬಿನಿಂದ ನೀರು ಹಾಕಿದ.

“ಠಾಣೇಲಿ ಎರಡೂ ಕಾಗದ ಓದ್ದೆ ಅಣ್ಣ,” ಎಂದ ಮೆಲ್ಲಗೆ. “ಮೊದಲನೇದೂ.”

ನೀರು ಸುರಿಯುತ್ತಲೇ ಇತ್ತು.

“ಮತ್ತೆ ಒಳಗೆ ಯಾಕೆ ಹಾಗಂದೆ?”

“ಏನಂತ ಹೇಳ್ಲಿ? ಅತ್ತೆ ಅಳ್ತಾರೆ, ಅಕ್ಕ ತಂಗಿ ಮಾತು ಬಿಡ್ತಾರೆ. ಯಾರಿಗೆ ಲಾಭ?” ಅವನು ಚೊಂಬು ಕೆಳಗಿಟ್ಟ. “ಅಲ್ಲದೆ ನೀವು ಪೂರ್ತಿ ತಪ್ಪೂ ಹೇಳಿಲ್ಲ. ಅದರ ಹಿಂದಿನ ವಾರ ಪುಟ್ಟೀನ ಮುಂದೆ ಕೂರಿಸ್ಕೊಂಡು ಅದೇ ಪಟ್ಟಿ ಮೇಲೆ ನಾನೇ ಹೋಗಿದೀನಿ. ಸ್ಟಾಪಕ್ಕ ಬೋರ್ಡ್ ತೋರಿಸಿದ್ರು. ನಿಲ್ಲಿಸ್ಲಿಲ್ಲ. ಆ ಫೋಟೋ ನೋಡಿದಾಗ ಅದೇ ನೆನಪಾಯ್ತು. ಇನ್ನು ಆ ಗಾಡಿ ಬೀದಿಗೆ ಬರಲ್ಲ, ಅಣ್ಣ.”

ನನ್ನ ಮಗಳು. ಅದೇ ಪಟ್ಟಿ. ಸಿಟ್ಟು ಬರಬೇಕಿತ್ತು, ಬಂತು ಕೂಡ. ಆದರೆ ಅದಕ್ಕಿಂತ ಮೊದಲು ಬಂದದ್ದು ಆ ಹಳೆಯ ಉರಿ. ನಾನು ಮೂರು ಸಲ ಅಳೆದು, ಅರ್ಧ ದಿನ ಒದ್ದಾಡಿ ಕಷ್ಟಪಟ್ಟು ಸತ್ಯ ಹೇಳಿದ್ದೆ; ಅವನು ತನ್ನ ಸತ್ಯವನ್ನು ಚೊಂಬು ಇಳಿಸಿದಷ್ಟೇ ಸಲೀಸಾಗಿ ಹೇಳಿಬಿಟ್ಟಿದ್ದ. ಕ್ಷಮಿಸುವುದರಲ್ಲೂ ನನಗಿಂತ ಮುಂದೆ. ಈ ಉಪಕಾರವನ್ನು ಹೊತ್ತುಕೊಂಡು ಜೀವಮಾನವೆಲ್ಲ ಅವನ ಎದುರು ಕೋಳಿ ತಿನ್ನುತ್ತ ಕೂರಲು ನನ್ನಿಂದ ಆಗುತ್ತಿರಲಿಲ್ಲ.

ಒಳಗೆ ಹೋದೆ. ನಿಂತುಕೊಂಡೇ ಹೇಳಿದೆ. “ಇವನ ಹೆಸರು ಪೊಲೀಸರಿಗೆ ಕೊಟ್ಟಿದ್ದು ನಾನೇ. ನಾನು ಮುಖ ನೋಡಿರ್ಲಿಲ್ಲ. ನೋಡಿದೀನಿ ಅಂತ ಸಹಿ ಹಾಕ್ದೆ.”

ಒಳ್ಳೆಯತನದಿಂದ ಹೇಳಿದೆ ಎಂದು ಬರೆದುಕೊಂಡರೆ ಚೆನ್ನಾಗಿರುತ್ತಿತ್ತು. ಹಾಗೇನಿಲ್ಲ. ಅವನೊಬ್ಬನೇ ದೊಡ್ಡವನಾಗುವುದನ್ನು ಸಹಿಸಲಾರದೆ ಹೇಳಿದೆ.

ನನ್ನ ಹೆಂಡತಿ ತಂಗಿಯ ಕಡೆ ನೋಡಿದಳು, ತಂಗಿ ನೆಲ ನೋಡಿದಳು. “ಅಯ್ಯೋ ಅಣ್ಣ…” ಎಂದು ಬಾಗಿಲಲ್ಲಿ ನಿಂತ ಷಡ್ಡಕ ಹಣೆ ಚಚ್ಚಿಕೊಂಡ. ಕೊನೆಗೆ ಅತ್ತೆ ಎದ್ದು ನನ್ನ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿದರು.

“ಆಮೇಲೆ ಊಟ ಮಾಡಿ, ಅಳಿಯಂದ್ರೇ,” ಎಂದರು. “ನೀವು ಈಗ ಸ್ವಲ್ಪ ಹೊರಗೆ ಕೂತಿರಿ.”

ಹೊರಗೆ ಹೋಗಿ ಕುರ್ಚಿಯ ಮೇಲೆ ಕೂತೆ. ಒಳಗೆ ದನಿಗಳು ಏರಿದವು, ಇಳಿದವು. ಸ್ವಲ್ಪ ಹೊತ್ತಿಗೆ ಮಗಳು ಬಂದು ಗೇಟಿನ ಮೇಲೆ ಹತ್ತಿ, ಅದನ್ನು ಹಿಂದೆ ಮುಂದೆ ಆಡಿಸತೊಡಗಿದಳು. ಅದು ಶಬ್ದ ಮಾಡಲಿಲ್ಲ. ಎಣ್ಣೆ ಚೆನ್ನಾಗಿಯೇ ಹಾಕಿದ್ದ.