ವಯ್ಯಾರಿ ಅಕ್ಷರ

ನನ್ನ ಅಕ್ಷರಕ್ಕೆ ಜನ ಕೊಟ್ಟಷ್ಟು ಕಾಟವನ್ನು ನಾನು ಯಾವ ಶತ್ರುವಿಗೂ ಬಯಸುವುದಿಲ್ಲ.

ಅಚ್ಚಿನ ಅಕ್ಷರ ರೂಪಿಸುವುದು ನನ್ನ ಕಸುಬು. ಚಪ್ಪಟೆ ಮೊನೆಯ ಲೇಖನಿಯಲ್ಲಿ ನಾಲ್ಕು ವರ್ಷ ಬರೆದು ಬರೆದು ಒಂದು ವಾಲಿದ ಅಕ್ಷರಮಾಲೆ ಮಾಡಿದೆ. ಬಲಕ್ಕೆ ತುಸು ಬಾಗುತ್ತದೆ, ಹೊಟ್ಟೆಯಲ್ಲಿ ದಪ್ಪ, ತಿರುವಿನಲ್ಲಿ ಸಣ್ಣ, ಗೆರೆ ಮುಗಿಯುವಲ್ಲೆಲ್ಲ ಒಂದು ಚೂಪು ಕುಡಿ. ಪ್ರೆಸ್ಸಿನವರು ಅದಕ್ಕೆ ‘ವಯ್ಯಾರಿ’ ಎಂದು ಹೆಸರಿಟ್ಟರು. ಪುಸ್ತಕದಲ್ಲಿ ಒಂದು ಪದ ಮೆಲ್ಲಗೆ ಬೇರೆಯಾಗಿ ನಿಲ್ಲಬೇಕಾದಾಗ, ಪದ್ಯದ ಒಂದು ಸಾಲಿಗೆ, ಹೆಚ್ಚೆಂದರೆ ಮದುವೆಯ ಕಾಗದಕ್ಕೆ ಅದು. ಕೇಳುವವರು ಯಾರು? ಇಲಿ ಪಾಷಾಣದ ಡಬ್ಬಿಗೂ ವಯ್ಯಾರಿ, ಚರಂಡಿ ಪೈಪಿನ ಅಂಗಡಿಗೂ ವಯ್ಯಾರಿ. ‘ಇಲ್ಲಿ ಉಗುಳಬಾರದು’ ಎಂಬುದನ್ನೂ ಬಳುಕಿಸಿ ಬರೆಸಿದ್ದರು. ದಯವಿಟ್ಟು ಬಂದು ಉಗುಳಿ ಎಂದು ಕರೆದ ಹಾಗಿತ್ತು.

ಮೊನ್ನೆ ಅಕ್ಕನನ್ನು ಕಣ್ಣಾಸ್ಪತ್ರೆಗೆ ಕರೆದೊಯ್ದೆ. ಎಡಗಣ್ಣು ಆಗಲೇ ಹೋಗಿತ್ತು, ಬಲಗಣ್ಣು ದಿನೇ ದಿನೇ ಮಂಜಾಗುತ್ತಿತ್ತು. ಹನ್ನೊಂದರೊಳಗೆ ದೊಡ್ಡ ಡಾಕ್ಟರು ನೋಡಿ ಒಪ್ಪಿದರೆ ಈ ವಾರವೇ ಆಪರೇಷನ್, ತಪ್ಪಿದರೆ ಇನ್ನೆರಡು ತಿಂಗಳು ಕಾಯಬೇಕು. ಒಳಗೆ ಕಾಲಿಟ್ಟರೆ ಗೋಡೆ ತುಂಬ ವಯ್ಯಾರಿಯ ಬೋರ್ಡುಗಳು!

“ಥೂ, ಬುದ್ಧಿಗೇಡಿಗಳು! ಕಣ್ಣು ಕಾಣದವರು ಬರೋ ಜಾಗಕ್ಕೆ ಯಾರಾದ್ರೂ ಈ ಅಕ್ಷರ ಹಾಕ್ತಾರೇನಕ್ಕ?”

“ನಿಂದೇನೋ ಇದು?” ಅಕ್ಕ ನಿಂತು, ಬೋರ್ಡಿನ ಉಬ್ಬು ಅಕ್ಷರಗಳ ಮೇಲೆ ಬೆರಳಾಡಿಸಿದಳು. “ಹಾಗಾದ್ರೆ ನಂಗೇನು ಭಯ? ಬರೆದವನೇ ಜೊತೆಗಿದ್ದಾನೆ.”

ಚೀಟಿಯಲ್ಲಿ ಆರನೇ ಕೋಣೆ ಎಂದಿತ್ತು. ಬಾಗಿಲ ಮೇಲಿನ ಅಂಕಿ ನೋಡಿ ಅಕ್ಕನನ್ನು ಎದುರಿನ ಬೆಂಚಿನಲ್ಲಿ ಕೂರಿಸಿದೆ. ಮುಕ್ಕಾಲು ಗಂಟೆ ಆಸ್ಪತ್ರೆಯವರ ಅಭಿರುಚಿಯನ್ನು ಹಿಗ್ಗಾಮುಗ್ಗಾ ಜಾಡಿಸಿದೆ. ಪಕ್ಕದಲ್ಲಿದ್ದವರು ಒಬ್ಬೊಬ್ಬರಾಗಿ ಬೇರೆ ಬೆಂಚಿಗೆ ಜಾರಿದರು. ಹನ್ನೊಂದು ದಾಟಿದರೂ ಯಾರೂ ಕರೆಯಲಿಲ್ಲ. ಆ ಕಡೆ ಹೋಗುತ್ತಿದ್ದ ನರ್ಸನ್ನು ತಡೆದೆ.

“ಏನಮ್ಮಾ, ಕಣ್ಣು ಕಾಣದವರನ್ನ ಕೂರಿಸಿ ತಮಾಷೆ ನೋಡ್ತೀರಾ?”

ಅವಳು ಚೀಟಿ ನೋಡಿದಳು. “ಸಾರ್, ಇದು ಒಂಬತ್ತು. ಆರು ಆ ತುದೀಲಿದೆ. ಮೂರು ಸಲ ಕೂಗಿದ್ವಿ, ಡಾಕ್ಟ್ರು ಹೊರಟುಹೋದ್ರು.”

ತಲೆಯೆತ್ತಿ ನೋಡಿದೆ. ೬ಕ್ಕೂ ೯ಕ್ಕೂ ಇರುವ ಭೇದವೆಲ್ಲ ಬಾಲದಲ್ಲಿ. ಚೆಂದ ಕಾಣಲೆಂದು ಎರಡರ ಬಾಲವನ್ನೂ ಒಂದೇ ಥರ ಸುಳಿ ಸುತ್ತಿಸಿದ ಮಹಾಶಯ ನಾನೇ. ಗುರುತು ಸಿಗಲ್ಲ ಸ್ವಾಮಿ, ಎಂದು ಆಗಲೇ ಒಬ್ಬ ಪ್ರೆಸ್ಸಿನವನು ಹೇಳಿದ್ದ. ನಿನ್ನ ಕೆಲಸ ನೋಡ್ಕೋ ಎಂದು ಗದರಿಸಿ ಕಳಿಸಿದ್ದೆ.

“ದಿನಾ ನಾಲ್ಕೈದು ಜನ ಹೀಗೇ ಕೂತಿರ್ತಾರೆ,” ಎಂದಳು ನರ್ಸ್. “ಯಾವ ಪುಣ್ಯಾತ್ಮ ಬರೆದನೋ ಈ ಅಂಕಿನ!”

ಅಕ್ಕ ತಡಕಾಡಿ ನನ್ನ ಕೈ ಹಿಡಿದುಕೊಂಡಳು.

“ಯಾರೋ ಏನೋಮ್ಮ, ನಮಗೆ ಗೊತ್ತಿಲ್ಲ,” ಎಂದಳು. “ಎರಡು ತಿಂಗಳ ಮೇಲಿನ ಚೀಟಿ ಬರೀವಾಗ ಇಬ್ಬರಿಗೂ ಬರೆದುಬಿಡು. ಇವನಿಗೂ ಕಣ್ಣು ಕಾಣಲ್ಲ.”