ಬನ್ನಿಕಟ್ಟೆಯ ಡಂಗುರ

ಪಂಚಾಯ್ತಿ ಅಧ್ಯಕ್ಷ ಶಿವಯೋಗಪ್ಪನಿಗೆ ಅಂದು ಊಟದ ಪರಿವೆಯೇ ಇರಲಿಲ್ಲ. ಚಾವಡಿಯ ಮುಂದೆ ನಿಂತು, ಹುರಿಗೆ ಕಾಗದದ ಬಾವುಟ ಅಂಟಿಸುತ್ತಿದ್ದ ಹುಡುಗಿಯರಿಗೆ, "ಕೇಸರಿ ಮ್ಯಾಲೆ ಬರಬೇಕವ್ವಾ, ತಲಿಕೆಳಗ ಆದೀತು" ಎಂದು ಹತ್ತು ಸಲ ಹೇಳಿದ್ದ. ಶಾಲೆಯ ಗೋಡೆಗೆ ಸುಣ್ಣವಾಗಿತ್ತು. ಕೊಟ್ಟೂರಿನಿಂದ ಎರಡು ಚೀಲ ಚೆಂಡುಹೂವು ಬಂದು ಬಿದ್ದಿದ್ದವು. ಕಾರ್ಗಿಲ್ಲಿನಲ್ಲಿ ಗುಂಡು ತಾಗಿ ಸತ್ತ ಹುಲುಗಣ್ಣನ ಶವ ಮರುದಿನ ಬೆಳಿಗ್ಗೆ ಊರಿಗೆ ಬರುವುದಿತ್ತು.

ಅದು ತೊಂಬತ್ತೊಂಬತ್ತರ ಜುಲೈ. ಬನ್ನಿಕಟ್ಟೆ ಅಂದರೆ ಕೈ ತೋರಿಸಿದರೂ ಬಸ್ಸು ನಿಲ್ಲದ ಊರು. ಅಂಥ ಊರಿಗೆ ಈಗ ಸೈನ್ಯದ ಲಾರಿ ಬರುತ್ತದೆ, ದೊಡ್ಡ ದೊಡ್ಡ ಅಧಿಕಾರಿಗಳು ಬರುತ್ತಾರೆ, ಗಾಳಿಯಲ್ಲಿ ಗುಂಡು ಹಾರಿಸಿ ಗೌರವ ಕೊಡುತ್ತಾರೆ. ಶಿವಯೋಗಪ್ಪನ ಎದೆ ಉಬ್ಬಿತ್ತು, ಒಳಗೊಳಗೆ ಸಂಕಟವೂ ಇತ್ತು. ಸುಳ್ಳೇಕೆ ಹೇಳಬೇಕು, ಆತ ಕೆಟ್ಟವನಲ್ಲ. ಸಾವಿನ ತಂತಿ ಬಂದ ದಿನ ಚಾವಡಿಯಲ್ಲೇ ಕೂತು ಕಣ್ಣೀರು ಹಾಕಿದ್ದ.

ಹೂವಿನ ಚೀಲ ಬಿಚ್ಚುತ್ತಿದ್ದ ಹಿರಿಯ ಜಂಬಣ್ಣ, "ಸುತ್ತ ಹಳ್ಳಿಗೆಲ್ಲ ಸುದ್ದಿ ಹೋತು. ನಮ್ಮೂರ ಮಂದಿಗೇ ಯಾವ ಹೊತ್ತಿಗೆ ಬರಬೇಕಂತ ಗೊತ್ತಿಲ್ಲ. ಮೈಕು ಬರೋದು ನಾಳಿಗೆ" ಎಂದ.

"ಹೌದಲ್ಲ! ಡಂಗುರ ಸಾರಿಸಬೇಕು" ಎಂದು ಶಿವಯೋಗಪ್ಪ ತಲೆ ಎತ್ತದೆ, ಪಂಚಾಯ್ತಿಯ ಚಾಕರಿಗಿದ್ದ ಪಾಲಯ್ಯನನ್ನು ಕೂಗಿದ. "ಪಾಲಯ್ಯಾ, ದುರುಗಗ ಹೇಳಿ ಬಾ. ಸಂಜಿಮುಂದ ಸಾರಿಬಿಡಲಿ."

ಪಾಲಯ್ಯ ಬಾಯಿ ತೆರೆದ. ಅಧ್ಯಕ್ಷ ಆಗಲೇ ಹುಡುಗಿಯರ ಕಡೆ ತಿರುಗಿದ್ದ. ಪಾಲಯ್ಯ ಊರಾಚೆಯ ಕೇರಿಯ ಕಡೆ ಹೆಜ್ಜೆ ಹಾಕಿದ.

ದುರುಗಪ್ಪ ಬೇರೆ ಯಾರೂ ಅಲ್ಲ, ಸತ್ತ ಹುಲುಗಣ್ಣನ ಅಪ್ಪ. ಶಿವಯೋಗಪ್ಪನಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಬೆಳಿಗ್ಗೆ ತಾನೇ ಕೇರಿಗೆ ಹೋಗಿ, ಅವನ ಗುಡಿಸಲ ಮುಂದೆ ನಿಂತು ಸಮಾಧಾನ ಹೇಳಿ ಬಂದಿದ್ದ. ಆದರೆ ವೀರಯೋಧನ ತಂದೆ ಬೇರೆ, ಹಲಗೆ ಬಡಿಯುವ ದುರುಗ ಬೇರೆ ಎಂಬಂತೆ ತಲೆಯಲ್ಲಿ ಎರಡು ಖಾನೆಗಳಿದ್ದವು. ಕಂದಾಯ ಕಟ್ಟಿರಿ, ರೇಷನ್ನಿನ ಸಕ್ಕರೆ ಬಂದಿದೆ, ಯಾರದೋ ಎಮ್ಮೆ ತಪ್ಪಿಸಿಕೊಂಡಿದೆ, ಇಂಥವರು ತೀರಿಕೊಂಡರು. ಏನೇ ಇದ್ದರೂ ನಾಲಿಗೆ ತಾನಾಗಿ 'ದುರುಗಗ ಹೇಳು' ಅನ್ನುತ್ತಿತ್ತು. ಅವತ್ತೂ ಅಂದಿತು.

ಸಂಜೆ ಮನೆಗೆ ಬಂದು ಕೈಕಾಲು ತೊಳೆದು ಊಟಕ್ಕೆ ಕೂತ. ಹೆಂಡತಿ ಕಲ್ಯಾಣಮ್ಮ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದಳು. ಎರಡು ತುತ್ತು ಒಳಗೆ ಹೋಗಿತ್ತು, ಅಷ್ಟರಲ್ಲಿ ದೂರದಲ್ಲಿ ಹಲಗೆಯ ಸದ್ದು ಕೇಳಿತು.

"ಏನ್ರಿ, ಯಾರು ಬಡಿಯಾಕತ್ತಾರ?"

"ದುರುಗ. ನಾಳಿನ ಸುದ್ದಿ ಸಾರಾಕ ಹೇಳೀನಿ."

ಕಲ್ಯಾಣಮ್ಮನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. "ಮಗನ ಸಾವನ್ನ ಅಪ್ಪನ ಬಾಯಿಲೆ ಸಾರಿಸ್ತೀರೇನ್ರಿ?"

"ಸಾವಲ್ಲ ಮಾರಾಯ್ತಿ, ಮರ್ಯಾದಿ…"

"ಹೌದೌದು. ಮರ್ಯಾದಿ ಮಾಡೋರು ನೀವು, ಬಡಿಯೋದು ಅವ! ಹಡದ ಹೊಟ್ಟಿಗೆ ಹೆಂಗ ಆಗಿರಬೇಕು, ಶಿವನೇ."

ಶಿವಯೋಗಪ್ಪ ತಟ್ಟೆ ಸರಿಸಿ ಎದ್ದ. ಎಂಜಲ ಕೈ ತೊಳೆಯುವುದನ್ನೂ ಮರೆತು, ಕಾಲಿಗೆ ಚಪ್ಪಲಿಯಿಲ್ಲದೆ ಬೀದಿಗೆ ಓಡಿದ.

ಬಸವಣ್ಣನ ಗುಡಿಯ ಮುಂದೆ ದುರುಗಪ್ಪ ನಿಂತಿದ್ದ. ಮಗ ಕಳಿಸಿದ್ದ ಹಸಿರು ಸ್ವೆಟರ್ ಮೈಮೇಲಿತ್ತು, ಹೆಗಲಲ್ಲಿ ಹಲಗೆ. ಹತ್ತು ಹೆಜ್ಜೆ ಹಿಂದೆ ಹೆಂಡತಿ ಮಾರೆಮ್ಮ. ತೊಗಲು ಸಡಿಲಾದರೆ ಉರಿಹಚ್ಚಿ ಕಾಸಲು ಒಂದು ಹಿಡಿ ಹುಲ್ಲು ಹಿಡಿದಿದ್ದಳು. ದುರುಗಪ್ಪ ನಾಲ್ಕು ಸಲ ಬಡಿದು ಕೂಗಿದ:

"ಕೇಳ್ರಪ್ಪೋ ಕೇಳ್ರಿ! ನಾಳೆ ಮುಂಜಾನಿ ಒಂಬತ್ತಕ್ಕ ನಮ್ಮೂರ ಯೋಧ…"

ಅಲ್ಲಿಗೆ ನಿಂತಿತು. ಮತ್ತೆ ಬಡಿದ. ಮತ್ತೆ ಕೂಗಿದ. ಮತ್ತೆ ಅಲ್ಲಿಗೇ ನಿಂತಿತು. ಬಾಗಿಲಲ್ಲಿ ಕಾಳು ಹಸನು ಮಾಡುತ್ತಿದ್ದ ಹೆಂಗಸರು ಮೊರದಿಂದ ಕಣ್ಣು ತೆಗೆಯಲಿಲ್ಲ. ಹುಟ್ಟಿದಾಗಿನಿಂದ ಕೇಳಿದ ಸದ್ದು. ಕಟ್ಟೆಯ ಮೇಲಿನಿಂದ ಯಾರೋ, "ಜೋರಾಗಿ ಹೇಳಲೇ, ಕೇಳವಲ್ದು!" ಎಂದು ಕಿರುಚಿದ.

"ಸಾಕೋ, ದುರುಗಪ್ಪ. ಸಾಕು" ಎಂದ ಶಿವಯೋಗಪ್ಪ ಏದುಸಿರು ಬಿಡುತ್ತ.

ದುರುಗಪ್ಪ ಬೆಚ್ಚಿಬಿದ್ದ. "ತಪ್ಪಾತ್ರಿ ಧಣಿ. ಹೆಸರು ಬಂದಕೂಡ್ಲೆ ಗಂಟ್ಲು ಹಿಡಿತೈತಿ. ಇನ್ನೊಮ್ಮಿ ಸಾರ್ತೀನ್ರಿ, ಸರಿಯಾಗಿ ಸಾರ್ತೀನಿ."

"ಪಾಲಯ್ಯ ಬಂದಾಗ ಒಲ್ಲೆ ಅನ್ನಬಾರದಿತ್ತೇನೋ?"

"ಊರ ಕೆಲಸಕ್ಕ ಒಲ್ಲೆ ಅನ್ನಾಕ ಬರ್ತೈತೇನ್ರಿ? ನಮ್ಮಪ್ಪ ಸತ್ತಾಗ್ಲೂ ನಾನ ಬಡದೀನಿ."

ಮಾರೆಮ್ಮ ಮುಂದೆ ಬಂದಳು. ಅವಳ ಕಣ್ಣು ಒಣಗಿತ್ತು. "ರಜಾಕ್ಕ ಬಂದಾಗೊಮ್ಮಿ ನನ ಮಗ ಇದನ್ನ ಹೇಳ್ತಿದ್ದ. ಹಲಗಿ ಬಿಡಪ್ಪಾ, ನಾನು ದುಡೀತೀನಲ್ಲ ಅಂತ. ಹಲಗಿ ಬಿಟ್ರ ಊರು ಬಿಡಬೇಕಲ್ರಿ. ನಾಳೆ ಅವನ ಮ್ಯಾಲೆ ಬಾವುಟ ಹೊದಿಸ್ತೀರಿ. ಇವತ್ತು ಇವನ ಹೆಗಲಿಗೆ ಇದನ್ನ ಹಾಕೀರಿ. ನಮಗ ಯಾವುದು ಖರೇ ಅಂತ ತಿಳೀಬೇಕು?"

ಶಿವಯೋಗಪ್ಪನ ಬಳಿ ಭಾಷಣದ ಮಾತುಗಳು ಬೇಕಾದಷ್ಟಿದ್ದವು, ಒಂದೂ ಬಳಕೆಗೆ ಬರುವಂತಿರಲಿಲ್ಲ. ಎರಡೂ ಕೈ ಚಾಚಿ, "ಕೊಡಿಲ್ಲಿ" ಎಂದ.

ಸದ್ದು ಕೇಳಿ ಬಂದ ಜಂಬಣ್ಣ ನಡುವೆ ಬಂದು ನಿಂತ. "ಶಿವಯೋಗಪ್ಪ, ತಲಿ ಕೆಟ್ಟೈತೇನು? ಅದು ತೊಗಲು. ಪಾಲಯ್ಯನ್ನ ಮನಿಮನಿಗೆ ಕಳಸು, ಮುಗೀತು. ನನಗೇನು ಆ ಹುಡುಗನ ಮ್ಯಾಲೆ ಸಿಟ್ಟೈತೇನು? ಹೂವು ತರಿಸಿದಾವ ನಾನು! ಆದ್ರ ಪದ್ಧತಿ ಅಂತ ಒಂದೈತಿ. ಇದನ್ನ ಮುಟ್ಟಿದರ ನಾಳೆ ನಮ್ಮ ಓಣ್ಯಾಗ ನಿನ್ನ ಮನ್ಯಾಗ ನೀರು ಕುಡಿಯೋರು ಯಾರು?"

"ಕುಡೀದಿದ್ರ ಬಿಡ್ಲಿ, ಜಂಬಣ್ಣ. ಬೆಳಿಗ್ಗೆ ನಾನೂ ಇವನ ಮನ್ಯಾಗ ನೀರು ಮುಟ್ಟದಂಗ ಬಂದೀನಿ. ಅವರೇನು ಸತ್ರಾ?"

ದುರುಗಪ್ಪ ಹಲಗೆಯನ್ನು ಎದೆಗೆ ಅವಚಿಕೊಂಡ. "ಬ್ಯಾಡ್ರಿ ಧಣಿ, ನಿಮಗ ಬರಂಗಿಲ್ಲ" ಎಂದ. ಅವನ ಬೆರಳುಗಳನ್ನು ಬಿಡಿಸಿ ಹಲಗೆ ಇಸಿದುಕೊಂಡು, ಶಿವಯೋಗಪ್ಪ ಹೆಗಲಿಗೆ ಹಾಕಿಕೊಂಡ. ಅಂದುಕೊಂಡದ್ದಕ್ಕಿಂತ ಭಾರವಿತ್ತು. ತೊಗಲಿನ ಪಟ್ಟಿ ಇನ್ನೊಬ್ಬನ ಮೈಬೆವರಿನಿಂದ ಒದ್ದೆಯಾಗಿತ್ತು.

ಬರುವುದಿಲ್ಲ ಎಂದದ್ದು ನಿಜವೇ. ಜಡಿಮಳೆಯ ಗಾಳಿಗೆ ತೊಗಲು ಸಡಿಲಾಗಿತ್ತು, ಕೈಗೆ ಲಯವಿರಲಿಲ್ಲ. ಒಮ್ಮೆ ಧಬ್ ಅಂದಿತು, ಆಮೇಲೆ ಸುಮ್ಮನಾಯಿತು, ಮತ್ತೆ ಎರಡು ಸಲ ಧಬ್ ಧಬ್. ಆ ಕುಂಟು ಸದ್ದಿಗೆ ಬೀದಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ಇದು ದುರುಗಪ್ಪನ ಕೈಯಲ್ಲ ಎಂದು ಎಲ್ಲರಿಗೂ ತಿಳಿಯಿತು. ಹೆಂಗಸರು ಮೊರ ಕೆಳಗಿಟ್ಟು ಎದ್ದರು. ಕಟ್ಟೆಯ ಮೇಲೆ ಕೂಗಿದವನು ಕೆಳಗಿಳಿದ. ನೋಡುತ್ತಾರೆ, ಅಧ್ಯಕ್ಷನ ಹೆಗಲಲ್ಲಿ ಹಲಗೆ, ಬಲಗೈಯಲ್ಲಿ ಒಣಗಿದ ಪಲ್ಯ.

"ಕೇಳ್ರಪ್ಪೋ ಕೇಳ್ರಿ! ನಮ್ಮ ದುರುಗಪ್ಪ, ಮಾರೆಮ್ಮನವರ ಮಗ ಹುಲುಗಣ್ಣ ನಾಳೆ ಮುಂಜಾನಿ ಒಂಬತ್ತಕ್ಕ ಊರಿಗೆ ಬರ್ತಾನ. ದೇಶಕ್ಕಾಗಿ ಜೀವ ಕೊಟ್ಟು ಬರ್ತಾನ. ಎಲ್ಲಾರೂ ಬರ್ರಪ್ಪೋ!"

ಜಂಬಣ್ಣ ತಿರುಗಿ ನೋಡದೆ ಮನೆಗೆ ಹೋಗಿ ಬಾಗಿಲು ಹಾಕಿಕೊಂಡ. ಇನ್ನೂ ಮೂರು ನಾಲ್ಕು ಬಾಗಿಲು ಮುಚ್ಚಿದವು. ಶಿವಯೋಗಪ್ಪ ಮುಂದಿನ ಓಣಿಗೆ ನಡೆದ. ಪಾಲಯ್ಯ ಅವನ ಹಿಂದೆ ಹೋದ.

ದುರುಗಪ್ಪ ಗುಡಿಯ ಗೋಡೆಯ ಪಕ್ಕ ನಿಂತೇ ಇದ್ದ. ಬರಿಗೈಯನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ. ಮೂವತ್ತು ವರ್ಷ ಊರಿನವರ ಸಾವನ್ನೆಲ್ಲ ಸಾರಿದವನು, ಇನ್ನೊಬ್ಬರು ಸಾರಿದ ಡಂಗುರವನ್ನು ಒಂದು ಸಲವೂ ನಿಂತು ಕೇಳಿದವನಲ್ಲ. ತಂತಿ ಬಂದ ದಿನದಿಂದ ಅವನು ಅತ್ತೂ ಇರಲಿಲ್ಲ. ಬಂದವರಿಗೆ ಕೈಮುಗಿಯುವುದರಲ್ಲೇ ದಿನ ಕಳೆದಿದ್ದವು. ಆಚೆ ಓಣಿಯಿಂದ ಹಲಗೆ ಧಬ್ ಅಂದು, ಹುಲುಗಣ್ಣ ಎಂಬ ಹೆಸರು ಕೇಳಿಬಂತು. ಅದರಾಚೆ ಓಣಿಯಿಂದ ಇನ್ನೊಮ್ಮೆ.

ಆಗ ದುರುಗಪ್ಪ ನೆಲಕ್ಕೆ ಕುಸಿದು, "ಯಪ್ಪಾ, ನನ ಮಗನೇ" ಎಂದು ಬಾಯಿಬಿಟ್ಟು ಅತ್ತ. ಮಾರೆಮ್ಮ ಕೈಯಲ್ಲಿದ್ದ ಹುಲ್ಲನ್ನು ಬೀದಿಗೆಸೆದು ಅವನ ಪಕ್ಕ ಕೂತಳು.