ಇಲಿಮಾಮ ಅಳೆದ ಕಿವಿಗಳು

ಪ್ರಯೋಗಾಲಯದಲ್ಲಿ ಇಲಿಗಳ ಕೋಣೆ ನೋಡಿಕೊಳ್ಳುವವನಿಗೆ ಎಲ್ಲರೂ ಸೇರಿ ಇಟ್ಟ ಹೆಸರು ಇಲಿಮಾಮ. ಅದರಿಂದ ಅವನಿಗೇನೂ ಬೇಸರವಿಲ್ಲ. ಬೇಸರವೆಲ್ಲ ಸಂಶೋಧನೆಯ ಹುಡುಗಿ ದಿನದಿನಕ್ಕೂ ಕಡ್ಡಿಯಾಗುತ್ತಿದ್ದಾಳಲ್ಲ ಎಂದು.

ನಾಲ್ಕು ವರ್ಷದಿಂದ ಅವಳದು ಒಂದೇ ಜಪ. "ಕಣ್ಣೊಳಗೆ ಊತ ಬಂದ್ರೆ ನೋಟಾನೇ ಹೋಗುತ್ತೆ ಮಾಮ. ಅದಕ್ಕೇ ಅಲ್ಲಿ ಊತ ಏಳದ ಹಾಗೆ ಜಗಳ ಬಿಡಿಸೋ ಟಿ ಕೋಶಗಳಿವೆ, ರೋಗ ತಡೆಯೋ ರಕ್ತಕಣಗಳ ಒಂದು ಜಾತಿ. ಅವನ್ನ ತೆಗೆದು ಬೇರೆ ಇಲಿಗೆ ಕೊಟ್ರೆ ಅದರ ಕಿವಿ ಊತಾನೂ ತಗ್ಗಬೇಕು." ಇದು ಕೊನೆಯ ಪ್ರಯೋಗ. ತಗ್ಗದಿದ್ದರೆ ನಾಲ್ಕು ವರ್ಷವೂ ನೀರುಪಾಲು.

ಹತ್ತು ಇಲಿ. ಐದಕ್ಕೆ ಕಣ್ಣಿನ ಕೋಶ, ಐದಕ್ಕೆ ಬರೀ ಉಪ್ಪುನೀರು. ಹತ್ತರ ಕಿವಿಗೂ ನಿನ್ನೆಯೇ ಊತ ಬರಿಸುವ ಮದ್ದು ಚುಚ್ಚಿಯಾಗಿತ್ತು. ಯಾವುದಕ್ಕೆ ಏನು ಕೊಟ್ಟಿದೆ ಎಂದು ಅಳೆಯುವವನಿಗೆ, ಅಂದರೆ ಮಾಮನಿಗೆ, ಗೊತ್ತಿರಬಾರದು. ಅದಕ್ಕೆ ಅವಳು ಪಂಜರಗಳ ಚೀಟಿ ಕಿತ್ತು ಬರೀ ಅಂಕೆ ಅಂಟಿಸಿದ್ದಳು. ಬಿಳಿ ಇಲಿಗಳೆಲ್ಲ ಒಂದೇ ಥರ ಎಂದುಕೊಂಡವಳು, ಪಾಪ. ಮಾಮನಿಗೆ ಒಂದೊಂದರ ಮುಖವೂ ಗೊತ್ತು. ಕೋಶ ಕೊಡುವಾಗ ಹಿಡಿದುಕೊಂಡವನೂ ಅವನೇ.

ಕಿವಿಯ ದಪ್ಪ ಅಳೆಯುವ ಗೇಜನ್ನು ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಬೇಕು; ಜಾಸ್ತಿ ಒತ್ತಿದರೆ ಕಿವಿ ತೆಳ್ಳಗೆ ತೋರುತ್ತದೆ. ಕೋಶ ಪಡೆದ ಐದು ಇಲಿಗಳ ಸರದಿ ಬಂದಾಗ ಮಾಮನ ಹೆಬ್ಬೆರಳು ಸುಮ್ಮನಿರಬೇಕಲ್ಲ! ಒಂದಿಷ್ಟು ಜಾಸ್ತಿಯೇ ಒತ್ತಿತು. ಮಗಳಂಥವಳಿಗೆ ಇಷ್ಟೂ ಮಾಡದಿದ್ದರೆ ಹೇಗೆ?

ಅಂಕಿಗಳನ್ನು ನೋಡಿ ಅವಳ ಮುಖ ಅರಳಿತು, ಆಮೇಲೆ ಹುಬ್ಬು ಗಂಟಿಕ್ಕಿತು. "ಮಾಮ, ಈ ಕಿವಿ ಚುಚ್ಚೋಕೆ ಮುಂಚೆ ಇದ್ದದ್ದಕ್ಕಿಂತ ತೆಳ್ಳಗಿದೆ. ಹೇಗೆ ಸಾಧ್ಯ?"

ಮಾಮನಿಗೆ ಸುಳ್ಳು ಬಾಯಿಗೆ ಬರಲಿಲ್ಲ. "ನಾನೇ ಒತ್ತಿದೆ ಕಣಮ್ಮ. ನಿನ್ನ ಕೆಲಸ ಕೆಡಬಾರದು ಅಂತ."

ಅವಳು ಬೈಯಲಿಲ್ಲ, ಬೈದಿದ್ದರೇ ವಾಸಿಯಿತ್ತು. ಅವನನ್ನು ಗೋಡೆ ಕಡೆ ತಿರುಗಿಸಿ ನಿಲ್ಲಿಸಿ, ಒಂದೊಂದು ಇಲಿಯನ್ನೂ ಟವೆಲಿನಲ್ಲಿ ಸುತ್ತಿ, ಕಿವಿಯೊಂದನ್ನೇ ಹೊರಗಿಟ್ಟ ಮೇಲೆ ಅವನನ್ನು ಇತ್ತ ತಿರುಗಿಸಿ ಎದುರು ಹಿಡಿದಳು. "ಈಗ ಅಳೀರಿ. ನಂಗೆ ಎಲ್ಲಾ ಗೊತ್ತಿರೋದ್ರಿಂದ ನಾನು ಅಳೆಯೋ ಹಾಗಿಲ್ಲ. ನಿಮ್ಮಷ್ಟು ಹಗುರವಾದ ಕೈ ಇಲ್ಲಿ ಇನ್ಯಾರಿಗೂ ಇಲ್ಲ."

ಹತ್ತು ಕಿವಿ ಮುಗಿಯುವಷ್ಟರಲ್ಲಿ ಮಾಮನ ಅಂಗಿ ಬೆವರಿನಲ್ಲಿ ತೊಯ್ದಿತ್ತು. ಅವಳು ಪಟ್ಟಿ ತೆಗೆದು ಹೋಲಿಸಿದಳು. ಉಪ್ಪುನೀರಿನ ಐದರ ಕಿವಿಗಳೂ ದಪ್ಪಗೆ ಊದಿದ್ದವು. ಕಣ್ಣಿನ ಕೋಶ ಪಡೆದವುಗಳ ಊತ ಅರ್ಧಕ್ಕೂ ಕಡಿಮೆ.

"ಗೆದ್ವಿ ಮಾಮ," ಎಂದು ಅವನ ಎರಡೂ ಕೈ ಹಿಡಿದುಕೊಂಡಳು. ಅವಳ ಕಣ್ಣು ತುಂಬಿತ್ತು.

ಮಾಮನಿಗೆ ಸಂತೋಷದಲ್ಲೂ ತಲೆ ಎತ್ತಲಾಗಲಿಲ್ಲ. "ಎಲ್ಲರಿಗಿಂತ ಮುಂಚೆ ನಾನು ನಿನ್ನ ನಂಬಬೇಕಿತ್ತು," ಎಂದ. "ನಾನೇ ನಂಬ್ಲಿಲ್ವಲ್ಲಮ್ಮ."